ಪಾಪ್ ಅಭಿಮಾನಿಗಳ ಕೈಯಲ್ಲಿ ಕ್ಲಾಸಿಕ್ ರಾಕ್: 'ರೇಟ್' ನಡೆಸುವ ನನ್ನ ಕ್ರಮ

ಪಾಪ್ ಅಭಿಮಾನಿಗಳ ಬಳಗದಲ್ಲಿ 'ರೇಟ್' ಅಂದರೆ ಇಷ್ಟು: ಮೂರ್ನಾಲ್ಕು ಆಲ್ಬಂ ಆರಿಸಿಕೊಂಡು, ಅವುಗಳ ಪ್ರತಿ ಹಾಡಿಗೂ ಎಲ್ಲರೂ 1ರಿಂದ 10ರೊಳಗೆ ಅಂಕ ಹಾಕಬೇಕು. ಒಂದೇ ಒಂದು ಹಾಡಿಗೆ 11 ಕೊಡಬಹುದು, ಇನ್ನೊಂದಕ್ಕೆ ಬೇಕಿದ್ದರೆ 0. ಆಮೇಲೆ ಸರಾಸರಿ ತೆಗೆದು, ಕೊನೆಯ ಸ್ಥಾನದಿಂದ ಶುರುಮಾಡಿ ಒಂದೊಂದೇ ಹಾಡನ್ನು ಔಟ್ ಮಾಡುತ್ತಾ ಮೇಲಕ್ಕೆ ಹೋಗುವುದು. ಹೊಸ ಪಾಪ್ ಆಲ್ಬಂಗಳಿಗೆ ಇದು ಸಲೀಸು. ಹಳೆಯ ರಾಕ್‌ಗೆ ಹಚ್ಚಿದಾಗ ಪಟ್ಟಿ ತಯಾರಿಸುವ ಹಂತದಲ್ಲೇ ತೊಡಕು ಶುರುವಾಗುತ್ತದೆ.

ನಾನು ಇಡುವ ನಾಲ್ಕು: ಬೀಟಲ್ಸ್‌ನ 'ಆ್ಯಬಿ ರೋಡ್' (1969), ಲೆಡ್ ಜೆಪೆಲಿನ್‌ನ ನಾಲ್ಕನೆಯ ಆಲ್ಬಂ (1971), ಪಿಂಕ್ ಫ್ಲಾಯ್ಡ್‌ನ 'ದ ಡಾರ್ಕ್ ಸೈಡ್ ಆಫ್ ದ ಮೂನ್' (1973), ಫ್ಲೀಟ್‌ವುಡ್ ಮ್ಯಾಕ್‌ನ 'ರೂಮರ್ಸ್' (1977). ಟ್ರ್ಯಾಕ್ ಲೆಕ್ಕದಲ್ಲಿ 17, 8, 10, 11, ಒಟ್ಟು 46. ಕೇಳಲು ಹೆಚ್ಚುಕಡಿಮೆ ಮೂರು ಗಂಟೆ ಸಾಕು. ಐದನೆಯದನ್ನು ಸೇರಿಸಿದರೆ ಅರ್ಧಕ್ಕೇ ಕೈಬಿಡುವವರು ಜಾಸ್ತಿ. 'ರೂಮರ್ಸ್' ಇಡುವುದು ಜನರನ್ನು ಸೆಳೆಯುವುದಕ್ಕೂ ಹೌದು. 2020ರಲ್ಲಿ ಸ್ಕೇಟ್‌ಬೋರ್ಡ್ ಮೇಲೆ ಜ್ಯೂಸ್ ಕುಡಿಯುತ್ತಾ ಸಾಗಿದವನ ವಿಡಿಯೊದಿಂದ 'ಡ್ರೀಮ್ಸ್' ಹೊಸ ತಲೆಮಾರಿಗೂ ಬಾಯಿಪಾಠವಾಗಿದೆ.

ಆದರೆ 46ನ್ನೂ ಹಾಗೇ ಅಂಕಕ್ಕೆ ಇಡಬಾರದು. 'ಆ್ಯಬಿ ರೋಡ್'ನ ಎರಡನೇ ಬದಿಯ ಮೆಡ್ಲೆಯಲ್ಲಿ (ಒಂದಕ್ಕೊಂದು ಪೋಣಿಸಿದ ಹಾಡುಗಳ ಸರಣಿ) ಒಂದು ನಿಮಿಷದ ತುಣುಕುಗಳಿವೆ. 'ಮೀನ್ ಮಿಸ್ಟರ್ ಮಸ್ಟರ್ಡ್' ಒಂದನ್ನೇ ಎತ್ತಿ ಕೇಳಿದರೆ ಯಾರಾದರೂ 5 ಕೊಡುತ್ತಾರೆ, ಅದರಿಂದ ಇಡೀ ಆಲ್ಬಂನ ಸರಾಸರಿ ಕುಸಿಯುತ್ತದೆ. ಹಾಗಂತ ಮೆಡ್ಲೆಯ ಎಂಟನ್ನೂ ಒಂದೇ ಹಾಡು ಮಾಡಿದರೆ ಅದು ಸುಮ್ಮನೆ ಮೊದಲ ಸ್ಥಾನಕ್ಕೆ ಏರಿಬಿಡುತ್ತದೆ. ಸ್ಟುಡಿಯೊದಲ್ಲಿ ಒಟ್ಟಿಗೇ ರೆಕಾರ್ಡ್ ಆದವನ್ನು ಮಾತ್ರ ನಾನು ಜೋಡಿಸುತ್ತೇನೆ: 'ಸನ್ ಕಿಂಗ್' ಜೊತೆ 'ಮಸ್ಟರ್ಡ್', 'ಪಾಲಿಥೀನ್ ಪ್ಯಾಮ್' ಜೊತೆ 'ಬಾತ್‌ರೂಮ್ ವಿಂಡೊ', 'ಗೋಲ್ಡನ್ ಸ್ಲಂಬರ್ಸ್' ಜೊತೆ 'ಕ್ಯಾರಿ ದಟ್ ವೆಯ್ಟ್'. 23 ಸೆಕೆಂಡಿನ 'ಹರ್ ಮೆಜೆಸ್ಟಿ' ಬೋನಸ್‌ಗೆ, ಅಂದರೆ ಅಂಕ ಸಿಕ್ಕರೂ ಸ್ಥಾನ ಸಿಗದ ಹೆಚ್ಚುವರಿ ಹಾಡುಗಳ ಪಟ್ಟಿಗೆ ಹೋಗುತ್ತದೆ. 17 ಇದ್ದದ್ದು 13 ಆಯಿತು. 'ಡಾರ್ಕ್ ಸೈಡ್'ನಲ್ಲಿ 'ಸ್ಪೀಕ್ ಟು ಮಿ', 'ಬ್ರೀದ್' ಎರಡೂ ಒಂದು, ಅಲ್ಲಿಗೆ 9. ಒಟ್ಟು 41. 'ಆನ್ ದ ರನ್'ನಲ್ಲಿ ಹಾಡುಗಾರಿಕೆಯೇ ಇಲ್ಲ, ಹಾಗಾಗಿ ಪಾಪ್ ಕಿವಿಗಳು ಅದನ್ನು ಸಾಮಾನ್ಯವಾಗಿ ತಳಕ್ಕೇ ತಳ್ಳುತ್ತವೆ. ಅದನ್ನು ಕಾಪಾಡಲು ನಾನು ಹೋಗುವುದಿಲ್ಲ. ಅದೇ ಜನ 'ದ ಗ್ರೇಟ್ ಗಿಗ್ ಇನ್ ದ ಸ್ಕೈ'ಯಲ್ಲಿ ಕ್ಲೇರ್ ಟೋರಿ ಒಂದೂ ಪದವಿಲ್ಲದೆ ಹಾಡಿದ್ದಕ್ಕೆ ಮನಸೋಲುತ್ತಾರೆ. ಪಾಪ್‌ನವರು ಮೊದಲು ಕೇಳುವುದೇ ಕಂಠವನ್ನು.

ಯಾವ ಆವೃತ್ತಿ ಕೇಳಬೇಕು ಅನ್ನುವುದನ್ನು ಲಿಂಕ್ ಸಮೇತ ಕೊಡಿ. ಇಲ್ಲದಿದ್ದರೆ ಯಾರೋ ಒಬ್ಬರು ಪಿಂಕ್ ಫ್ಲಾಯ್ಡ್‌ನಲ್ಲಿದ್ದ ರಾಜರ್ ವಾಟರ್ಸ್ 2023ರಲ್ಲಿ ಒಬ್ಬರೇ 'ಡಾರ್ಕ್ ಸೈಡ್' ಅನ್ನು ಮತ್ತೆ ಮಾಡಿದ 'ರಿಡಕ್ಸ್' ಕೇಳಿ, ಇದೇನು ಮಾತೇ ಜಾಸ್ತಿ ಅಂತ 3 ಹಾಕಿ ಕಳಿಸುತ್ತಾರೆ. ಜೆಪೆಲಿನ್‌ನ ಡೀಲಕ್ಸ್ ಆವೃತ್ತಿಯಲ್ಲಿ ಅವವೇ ಹಾಡುಗಳ ಬೇರೆ ಮಿಕ್ಸ್‌ಗಳಿವೆ, ಅಲ್ಲೂ ಗೊಂದಲ ಆಗುತ್ತದೆ.

ಬ್ಯಾಲೆಟ್ ಅನ್ನು ಬರೀ ಪಠ್ಯದಲ್ಲಿ ಕೊಡುತ್ತೇನೆ: ಸಾಲಿಗೊಂದು ಹಾಡಿನ ಹೆಸರು, ಕೋಲನ್, ಅಂಕ. ದಶಮಾಂಶ ಒಂದೇ ಸ್ಥಾನ; 8.5 ಸರಿ, 8.25 ಇಲ್ಲ. 'ಕೇಳಿಲ್ಲ' ಅಂತ ಖಾಲಿ ಬಿಡುವಂತಿಲ್ಲ, ಯಾಕೆಂದರೆ ಬಿಟ್ಟವರು ಬಿಡುವುದು ತಮಗೆ ರುಚಿಸದ ಹಾಡನ್ನೇ. ಅದರ ಸರಾಸರಿ ಸುಳ್ಳೇ ಮೇಲೇರುತ್ತದೆ. ಶೀಟ್‌ನಲ್ಲಿ ಸಾಲುಗಳಲ್ಲಿ ಹಾಡು, ಕಾಲಂಗಳಲ್ಲಿ ಮತದಾರರು. ಪ್ರತಿ ಕಾಲಂನ ಅಡಿಯಲ್ಲಿ ಎರಡು ತಪಾಸಣೆ: ಸಂಖ್ಯೆಗಳ ಎಣಿಕೆ 41 ಇದೆಯೇ, 11 ಒಂದಕ್ಕಿಂತ ಹೆಚ್ಚು ಇದೆಯೇ. 8.5 ಬದಲು 8,5 ಅಂತ ಬರೆದಿದ್ದರೆ ಶೀಟ್ ಅದನ್ನು ಅಕ್ಷರ ಅಂದುಕೊಂಡು ಸರಾಸರಿಯಿಂದ ಸದ್ದಿಲ್ಲದೆ ಬಿಟ್ಟುಬಿಡಬಹುದು. ಎಣಿಕೆ 40 ತೋರಿಸಿದರೆ ಮೊದಲು ಹುಡುಕಬೇಕಾದ್ದು ಈ ಅಲ್ಪವಿರಾಮವನ್ನು. ಗಡುವು ನಾಲ್ಕು ವಾರ, ವಾರಕ್ಕೊಂದು ಆಲ್ಬಂ. ಹೇಗಿದ್ದರೂ ಮುಕ್ಕಾಲು ಬ್ಯಾಲೆಟ್ ಕೊನೆಯ ಎರಡು ದಿನದಲ್ಲೇ ಬರುತ್ತವೆ.

ಬೇಕಂತಲೇ 0 ಹಾಕುವವರು ಇದ್ದೇ ಇರುತ್ತಾರೆ. 30 ಬ್ಯಾಲೆಟ್ ಇದ್ದಾಗ 7 ಕೊಡುವ ಕಡೆ 0 ಕೊಟ್ಟರೆ ಆ ಹಾಡಿನ ಸರಾಸರಿ 0.23 ಇಳಿಯುತ್ತದೆ. ಮೇಲಿನ ಹತ್ತರಲ್ಲಿ ಪಕ್ಕಪಕ್ಕದ ಸ್ಥಾನಗಳ ನಡುವೆ ಎಷ್ಟೋ ಸಲ ಅಷ್ಟು ಅಂತರವೇ ಇರುವುದಿಲ್ಲ. ಆದ್ದರಿಂದ 0ಗೂ 11ಕ್ಕೂ ಎರಡು ಸಾಲು ಕಾರಣ ಕಡ್ಡಾಯ. ಬರೆಯಲೇಬೇಕು ಅಂದಾಗ ಮುಕ್ಕಾಲು ಪಾಲು 0ಗಳು 3 ಆಗಿ ಬರುತ್ತವೆ. ಬಂದ ಅಂಕವನ್ನು ಮಾತ್ರ ನಾನು ತಿದ್ದುವುದಿಲ್ಲ.

ಈಗ ಫಲಿತಾಂಶ ಬಂದಾಗ ಏಳುವ ಜಗಳದ ಮೂಲಕ್ಕೆ ಬರೋಣ. ಐವರು ಮತದಾರರು ಅಂದುಕೊಳ್ಳಿ. ಒಂದು ಹಾಡಿಗೆ 8, 8, 8, 8, 7.5 ಬಿತ್ತು, ಸರಾಸರಿ 7.9. ಇನ್ನೊಂದಕ್ಕೆ 11, 10, 10, 4, 4, ಸರಾಸರಿ 7.8. ರೇಟ್‌ನಲ್ಲಿ ಮೊದಲನೆಯದು ಗೆಲ್ಲುತ್ತದೆ. ತಲಾ ಒಂದೇ ಓಟು ಅಂದಿದ್ದರೆ ಎರಡನೆಯದು 3–2ರಲ್ಲಿ ಗೆಲ್ಲುತ್ತಿತ್ತು. ರೇಟ್ ಅಳೆಯುವುದು ಯಾರಿಗೂ ಬೇಸರ ತರಿಸದ ಹಾಡನ್ನು: 'ಹಿಯರ್ ಕಮ್ಸ್ ದ ಸನ್', 'ಡ್ರೀಮ್ಸ್' ಥರದವು. ಏಳೂಮುಕ್ಕಾಲು ನಿಮಿಷ ಜಗ್ಗುವ 'ಐ ವಾಂಟ್ ಯೂ' ಎರಡನೇ ಜಾತಿಯದು. ರಾಕ್ ವಿಮರ್ಶಕರ ಪಟ್ಟಿಗಳು ಅಳೆಯುತ್ತಿದ್ದುದು ಉತ್ಕಟ ಪ್ರೀತಿಯನ್ನು. 'ವಿಲೇಜ್ ವಾಯ್ಸ್' ಪತ್ರಿಕೆಯ 'ಪ್ಯಾಜ್ ಆ್ಯಂಡ್ ಜಾಪ್' ಮತದಾನದಲ್ಲಿ ವಿಮರ್ಶಕರು 10 ಆಲ್ಬಂಗಳಿಗೆ 100 ಅಂಕ ಹಂಚುತ್ತಿದ್ದರು. ಒಂದಕ್ಕೆ ಕನಿಷ್ಠ 5, ಗರಿಷ್ಠ 30. ಅಲ್ಲಿ ಹಿಡಿಸದ ಆಲ್ಬಂ ಅನ್ನು ಕೆಳಗೆ ಎಳೆಯಲು ದಾರಿಯೇ ಇರಲಿಲ್ಲ.

ಹಾಗಾಗಿ ಪ್ರತಿ ಹಾಡಿನ ಪಕ್ಕ ಸರಾಸರಿಯ ಜೊತೆ ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ಕೂಡ ಹಾಕುತ್ತೇನೆ. ಮೇಲಿನ ಲೆಕ್ಕದಲ್ಲಿ ಮೊದಲ ಹಾಡಿಗೆ 0.2, ಎರಡನೆಯದಕ್ಕೆ 3.1. ಈ ಎರಡನೇ ಅಂಕಿ ಇಲ್ಲದ ಫಲಿತಾಂಶದ ಮೇಲೆ ಚರ್ಚೆ ಮಾಡುವುದೇ ದಂಡ.

ಪಾಪ್‌ನವರಿಗೆ ರಾಕ್ ಏನು ಗೊತ್ತು ಅನ್ನುವ ಮಾತು ಬಂದೇ ಬರುತ್ತದೆ. 'ರೋಲಿಂಗ್ ಸ್ಟೋನ್' ಪತ್ರಿಕೆಯ 500 ಆಲ್ಬಂಗಳ ಪಟ್ಟಿಯಲ್ಲಿ 2003ರಲ್ಲಿ ಮೊದಲಿದ್ದದ್ದು ಬೀಟಲ್ಸ್‌ನ 'ಸಾರ್ಜಂಟ್ ಪೆಪ್ಪರ್ಸ್'. 2020ರಲ್ಲಿ ಹೊಸ ಮತದಾರರನ್ನು ಕರೆದಾಗ ಅದು 24ಕ್ಕೆ ಇಳಿದು, ಮಾರ್ವಿನ್ ಗೇಯ 'ವಾಟ್ಸ್ ಗೋಯಿಂಗ್ ಆನ್' ಮೇಲೆ ಬಂತು. ಆಲ್ಬಂ ಅದೇ, ಬದಲಾದದ್ದು ಕೇಳುವವರು. ಸಂಗೀತಗಾರರನ್ನು ಗೌರವಿಸಿ ಸೇರಿಸಿಕೊಳ್ಳುವ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ನಲ್ಲಂತೂ 2020ರ ಅಭಿಮಾನಿ ಮತದಾನ ಗೆದ್ದ ಡೇವ್ ಮ್ಯಾಥ್ಯೂಸ್ ಬ್ಯಾಂಡ್‌ಗೆ ಒಳಗೆ ಹೋಗಲು 2024ರವರೆಗೆ ಕಾಯಬೇಕಾಯಿತು.

ಫಲಿತಾಂಶಕ್ಕೆ ಮೂರು ದಿನ: 14, 14, 13 ಹಾಡುಗಳು. ಒಂದೊಂದರ ನಡುವೆ ಹತ್ತು ನಿಮಿಷ ಬಿಡಿ, ಇಲ್ಲದಿದ್ದರೆ ವಾದ ಮುಗಿಯುವ ಮೊದಲೇ ಮುಂದಿನ ಹಾಡು ಬಂದಿರುತ್ತದೆ. ಸರಾಸರಿ ಮೂರು ದಶಮಾಂಶಕ್ಕೂ ಸಮ ಬಂದರೆ 11 ಹೆಚ್ಚಿರುವ ಹಾಡು ಮೇಲೆ. ಈ ನಿಯಮವನ್ನು ಮೊದಲ ದಿನವೇ ಹೇಳಿರಬೇಕು.

ಬೋನಸ್ ಪಟ್ಟಿಯಲ್ಲಿ 'ಸಿಲ್ವರ್ ಸ್ಪ್ರಿಂಗ್ಸ್' ಇರಲೇಬೇಕು. 1976ರಲ್ಲಿ 'ಗೋ ಯುವರ್ ಓನ್ ವೇ' ಸಿಂಗಲ್ ರೆಕಾರ್ಡಿನ ಹಿಂಬದಿಗೆ ಹೋಗಿ 'ರೂಮರ್ಸ್'ನಿಂದ ಹೊರಗುಳಿದ ಹಾಡು ಅದು. ಅದನ್ನು ಬರೆದು ಹಾಡಿದ ಸ್ಟೀವಿ ನಿಕ್ಸ್‌ರ ಅಭಿಮಾನಿಗಳು ಅದನ್ನು ಮುಖ್ಯ ಪಟ್ಟಿಗೆ ಸೇರಿಸಿ ಅಂತ ದುಂಬಾಲು ಬೀಳುತ್ತಾರೆ. ಅದರ ಸರಾಸರಿಯನ್ನು ಮೂರನೇ ದಿನದ ಆರಂಭದಲ್ಲೇ ಹೇಳುತ್ತೇನೆ, ಸ್ಥಾನ ಮಾತ್ರ ಕೊಡುವುದಿಲ್ಲ.