ರಿಜಿಸ್ಟರ್‌ಗೆ ಏರದ ದಿನಗಳು

ನನ್ನ ಪಿಎಚ್‌ಡಿಯ ಮೊದಲ ವರ್ಷ ಹೆಚ್ಚುಕಡಿಮೆ ಒಂದು ಬೆಂಚಿನ ಮೇಲೇ ಕಳೆಯಿತು. ಪ್ರಮಾಣಪತ್ರ ಕೊಡುವ ಒಂದು ಕಚೇರಿ. ಕೌಂಟರಿನ ಎದುರು ಉದ್ದನೆಯ ಬೆಂಚು, ಅದರ ತುದಿಯಲ್ಲಿ ನಾನು, ತೊಡೆಯ ಮೇಲೆ ನೋಟ್‌ಬುಕ್ಕು. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಅಂತ ಬರೆದುಕೊಳ್ಳುವುದೇ ಕೆಲಸ. ಸಾರ್ವಜನಿಕ ಸೇವೆಗಳ ನಿರ್ವಹಣೆ ಅನ್ನುವ ಭಾರಿ ಹೆಸರಿನ ವಿಷಯದಲ್ಲಿ ಸಂಶೋಧನೆ ಮಾಡುತ್ತೇನೆ ಅಂತ ಮನೆಯಲ್ಲಿ ಹೇಳಿಕೊಂಡು ಹೊರಟಿದ್ದವಳಿಗೆ ಇದು ಸ್ವಲ್ಪ ಪೆಚ್ಚೆನಿಸಿತ್ತು.

ನಿಜ ಹೇಳಬೇಕೆಂದರೆ, ನಾನು ಹೋದದ್ದೇ ಆ ಕಚೇರಿಯನ್ನು ಹೊಗಳೋದಕ್ಕೆ. ಅರ್ಜಿ ಬಂದ ದಿನದಿಂದ ವಿಲೇವಾರಿ ಆಗುವವರೆಗೆ ಸರಾಸರಿ ಒಂದು ವಾರ ಅಂತ ಅವರ ರಿಜಿಸ್ಟರ್ ಹೇಳುತ್ತಿತ್ತು. ಸುತ್ತಲಿನ ಕಚೇರಿಗಳಿಗೆ ಹೋಲಿಸಿದರೆ ಅದು ಚೆನ್ನಾಗಿಯೇ ಇತ್ತು. ಹೇಗೆ ಸಾಧ್ಯವಾಯಿತು ಅಂತ ಬರೆಯುವುದು ನನ್ನ ಯೋಜನೆ.

ಮೂರನೇ ವಾರ ಒಬ್ಬ ವಯಸ್ಸಾದವರ ಮುಖ ಎಲ್ಲೋ ನೋಡಿದ ಹಾಗಿದೆ ಅನ್ನಿಸಿತು. ನೋಟ್‌ಬುಕ್ ತಿರುವಿದೆ. ನೀಲಿ ಅಂಗಿ, ಕೊಡೆ ಅಂತ ಹಿಂದೆ ಎರಡು ಸಲ ಬರೆದುಕೊಂಡಿದ್ದೆ. ಪಕ್ಕಕ್ಕೆ ಹೋಗಿ, 'ಏನಾಯ್ತು ಯಜಮಾನ್ರೇ?' ಅಂದೆ.

'ಮೊದಲನೇ ಸಲ ಸಹಿ ಇಲ್ಲ ಅಂದ್ರು. ಆಮೇಲೆ ಜೆರಾಕ್ಸ್ ಒಂದು ಕಡಿಮೆ ಅಂದ್ರು. ಇವತ್ತು ಫೋಟೋ ಹಳೇದು ಅಂತಾರಮ್ಮ.'

ಅರ್ಜಿ ಇನ್ನೂ ಅವರ ಕೈಯಲ್ಲೇ ಇತ್ತು. ಮೂರು ಮಡಿಕೆ, ಅಂಚೆಲ್ಲ ಮೆತ್ತಗಾಗಿತ್ತು. ಕಚೇರಿಯ ಲೆಕ್ಕದಲ್ಲಿ ಈ ಮನುಷ್ಯ ಇನ್ನೂ ಬಂದೇ ಇಲ್ಲ! ನಾಲ್ಕನೇ ಸಲ ಬಂದಾಗ ಅರ್ಜಿ ತೆಗೆದುಕೊಂಡರೆ ಅವತ್ತೇ ಅವರ ಮೊದಲ ದಿನ. ಕಚೇರಿಯ ಗಡಿಯಾರ ಬೇರೆ, ಬೆಂಚಿನ ಗಡಿಯಾರ ಬೇರೆ. ಇಪ್ಪತ್ತು ವರ್ಷಗಳಿಂದ ಬೇರೆ ಬೇರೆ ಹೆಸರಿನಲ್ಲಿ ಈ ಒಂದೇ ವಿಷಯ ಬರೆಯುತ್ತಿದ್ದೇನೆ ಅಂದರೂ ತಪ್ಪಿಲ್ಲ.

ಕೌಂಟರಿನಲ್ಲಿದ್ದ ಗುಮಾಸ್ತರ ಮೇಲೆ ಅವತ್ತು ಸಿಟ್ಟು ಬಂದಿತ್ತು. ಆಮೇಲೆ ಅವರೇ ಒಮ್ಮೆ ಬಿಡುವಾದಾಗ ಹೇಳಿದರು: 'ಅರೆಬರೆ ಅರ್ಜಿ ತಗೊಂಡ್ರೆ ನನ್ನ ಹೆಸರಿಗೆ ಬಾಕಿ ಬೀಳತ್ತೆ ಮೇಡಂ. ಬಾಕಿ ಎಷ್ಟು ಅಂತ ಎಲ್ಲರೂ ಕೇಳ್ತಾರೆ. ವಾಪಸ್ ಎಷ್ಟು ಕಳಿಸಿದೆ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.' ನಿಯಮ ಮೇಲೆ ಎಲ್ಲೋ ಬರೆದಿರುತ್ತೆ, ಜನರಿಗೆ ಸಿಗುವ ಸೇವೆ ಮಾತ್ರ ಕೌಂಟರಿನಲ್ಲಿ ಕೂತವರ ತೀರ್ಮಾನದಲ್ಲಿ ರೂಪ ಪಡೆಯುತ್ತೆ ಅಂತ ಅಮೆರಿಕದ ರಾಜ್ಯಶಾಸ್ತ್ರಜ್ಞ ಮೈಕೆಲ್ ಲಿಪ್ಸ್‌ಕಿ 1980ರಲ್ಲೇ ಬರೆದಿದ್ದರು. ಅದನ್ನು ಓದಿ, ಗೆರೆ ಎಳೆದು, ಪರೀಕ್ಷೆಯಲ್ಲೂ ಬರೆದಿದ್ದೆ. ಅರ್ಥವಾದದ್ದು ಮಾತ್ರ ಆ ಬೆಂಚಿನ ಮೇಲೆ.

ಈ ದಾರಿಗೆ ಬರುವವರು ಜಾಸ್ತಿ ಕೇಳುವುದು, ಒಳಗೆ ಬಿಡುತ್ತಾರಾ ಅಂತ. ಪತ್ರ ಬರೆದು ಕಾದರೆ ಕಾಯುತ್ತಲೇ ಇರಬೇಕು. ನಾನು ನಾಲ್ಕು ಪತ್ರ ಬರೆದು, ಕೊನೆಗೆ ಖುದ್ದಾಗಿ ಹೋಗಿ ಟಪಾಲು ವಿಭಾಗದಲ್ಲಿ ವಿಚಾರಿಸಿದೆ. ನಾಲ್ಕೂ ಒಂದೇ ಫೈಲಿನಲ್ಲಿ ಅಚ್ಚುಕಟ್ಟಾಗಿ ಇದ್ದವು. ಅಲ್ಲಿದ್ದವರೇ ಯಾರನ್ನು ನೋಡಬೇಕು ಅಂತ ಹೇಳಿಕೊಟ್ಟರು. ಒಳಗೆ ಹೋದ ಮೇಲೆ ಇನ್ನೊಂದು ಕಷ್ಟ ಇದೆ. ಒಂದಲ್ಲ ಒಂದು ದಿನ ಮೇಲಧಿಕಾರಿ ಚಹಾ ತರಿಸಿ, 'ನಿಮ್ಮ ಪ್ರಕಾರ ಇವರಲ್ಲಿ ಯಾರು ನಿಧಾನ?' ಅಂತ ಕೇಳೇ ಕೇಳುತ್ತಾರೆ. ಹೇಳಬಾರದು. ಹೆಸರು ಬರೆದುಕೊಳ್ಳುವುದಿಲ್ಲ ಅಂತ ಕೌಂಟರಿನವರಿಗೆ ಮಾತು ಕೊಟ್ಟಿರುತ್ತೀರಿ, ಅಲ್ವಾ? ನಗುತ್ತಾ ಚಹಾ ಕುಡಿದು ಎದ್ದು ಬರೋದು ಒಂದು ವಿದ್ಯೆ.

ಪಿಎಚ್‌ಡಿ ಮುಗಿಯಿತು, ಕೆಲಸ ಸಿಕ್ಕಿತು. ಅದರಲ್ಲಿ ಹೇಳುವಂಥದ್ದು ಏನಿಲ್ಲ. ನಮ್ಮ ವಿಷಯಕ್ಕೆ ಸ್ವಂತ ಮನೆ ಇಲ್ಲ ಅನ್ನುವುದು ಮಾತ್ರ ಆಗ ಗೊತ್ತಾಯಿತು. ಅರ್ಥಶಾಸ್ತ್ರದವರು ಲೆಕ್ಕ ಸಾಲದು ಅಂತಾರೆ, ರಾಜ್ಯಶಾಸ್ತ್ರದವರು ಲೆಕ್ಕವೇ ಜಾಸ್ತಿಯಾಯಿತು ಅಂತಾರೆ, ಮ್ಯಾನೇಜ್‌ಮೆಂಟಿನವರು ಲಾಭ ಎಲ್ಲಿ ಅಂತ ಹುಡುಕುತ್ತಾರೆ. ನನ್ನ ಮೊದಲ ಲೇಖನ ಎರಡು ಕಡೆಯಿಂದ ವಾಪಸ್ ಬಂತು. ಅರ್ಜಿಯ ಕಥೆ ನನ್ನ ಮೇಲೇ ತಿರುಗಿತು ಅಂತ ಗೆಳತಿ ನಕ್ಕಳು. ಬೇಜಾರಾದಾಗ ಎಲಿನರ್ ಆಸ್ಟ್ರಂ ನೆನಪಾಗುತ್ತಿದ್ದರು. ಓದಿದ್ದು ರಾಜ್ಯಶಾಸ್ತ್ರ, 2009ರಲ್ಲಿ ಬಂದದ್ದು ಅರ್ಥಶಾಸ್ತ್ರದ ನೊಬೆಲ್. 1970ರ ದಶಕದ ಶುರುವಿನಲ್ಲಿ ಅವರು ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಸುತ್ತಮುತ್ತ ಪೊಲೀಸ್ ಸೇವೆ ಬಗ್ಗೆ ಮನೆಮನೆಯ ಜನರನ್ನು ಕೇಳಿ ಅಧ್ಯಯನ ಮಾಡಿದ್ದರು. ಸಣ್ಣ ಊರುಗಳ ಸ್ವಂತ ಪೊಲೀಸ್ ಇಲಾಖೆಗಳ ಕೆಲಸ ದೊಡ್ಡ ನಗರದ ಇಲಾಖೆಗಿಂತ ಕಡಿಮೆ ಇರಲಿಲ್ಲ, ಎಷ್ಟೋ ಕಡೆ ಮೇಲೇ ಇತ್ತು. ಎಲ್ಲ ಸೇರಿಸಿ ದೊಡ್ಡದು ಮಾಡಿ ಅಂತ ಎಲ್ಲರೂ ಹೇಳುತ್ತಿದ್ದ ಕಾಲ ಅದು.

ಈಗ ನನ್ನ ತಪ್ಪಿನ ಕಥೆ. ಒಂದು ಸಂಸ್ಥೆ ಸಲಹೆ ಕೇಳಿತು. ಯಾವ ಕೌಂಟರಿನಲ್ಲಿ ದಿನಕ್ಕೆ ಎಷ್ಟು ಅರ್ಜಿ ಮುಗಿಯಿತು ಅಂತ ಗೋಡೆಗೆ ಹಾಕಿ, ಆರೋಗ್ಯಕರ ಪೈಪೋಟಿ ಹುಟ್ಟುತ್ತೆ ಅಂತ ಬರೆದುಕೊಟ್ಟೆ. ಮೊದಲ ತಿಂಗಳು ಅಂಕಿ ಏರಿತು, ನನಗೆ ಹಾರವೂ ಬಿತ್ತು. ಕೆಲವು ತಿಂಗಳಾದ ಮೇಲೆ ಸುಮ್ನೆ ಹೋಗಿ ಬೆಂಚಿನಲ್ಲಿ ಕೂತೆ. ಹೆಸರು ತಪ್ಪಿದವರು, ದಾಖಲೆ ಕಳೆದವರು, ಹೀಗೆ ಗಂಟು ಬಿಡಿಸಬೇಕಾದ ಅರ್ಜಿಗಳೆಲ್ಲ ಒಂದನೇ ಕೌಂಟರಿನಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ತಿರುಗುತ್ತಿದ್ದವು. ಸುಲಭದ ಅರ್ಜಿಗೆ ಮಾತ್ರ ಮರ್ಯಾದೆ.

ನಾಚಿಕೆಯಾದದ್ದು ಇದಕ್ಕೆ: ಇಂಗ್ಲೆಂಡ್‌ನ ತುರ್ತು ಚಿಕಿತ್ಸಾ ವಿಭಾಗಗಳ ಉದಾಹರಣೆಯನ್ನು ನಾನೇ ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. 2000ರ ದಶಕದಲ್ಲಿ ಅಲ್ಲಿ, ಬಂದ ರೋಗಿ ನಾಲ್ಕು ಗಂಟೆಯೊಳಗೆ ಆ ವಿಭಾಗದಿಂದ ಹೊರಬೀಳಬೇಕು ಅನ್ನುವ ಗುರಿ ಬಂತು. ಕಾಯುವ ಸಮಯ ಇಳಿದದ್ದು ನಿಜ. ಆದರೆ ರೋಗಿಗಳು ಹೊರಬಿದ್ದ ಹೊತ್ತಿನ ನಕ್ಷೆ ತೆಗೆದರೆ ನಾಲ್ಕು ಗಂಟೆಗೆ ಇನ್ನೇನು ಕೆಲವೇ ನಿಮಿಷ ಇದೆ ಅನ್ನುವಲ್ಲಿ ದೊಡ್ಡ ಗುಡ್ಡ ಏಳುತ್ತಿತ್ತು. ಅಂಕಿಯ ಹಿಂದೆ ಕೋಲು ಹಿಡಿದು ನಿಂತರೆ ಅಂಕಿ ಓಡುತ್ತೆ, ಜನ ಅಲ್ಲೇ ಇರುತ್ತಾರೆ. ಇದನ್ನು ಬೋರ್ಡಿನ ಮೇಲೆ ಬರೆದವಳೇ ಗೋಡೆಗೆ ಪಟ್ಟಿ ಹಾಕಿಸಿದ್ದೆ. ಸಂಸ್ಥೆಗೆ ಹೋಗಿ ತಪ್ಪು ನನ್ನದು ಅಂದೆ. ಪಟ್ಟಿ ಇಳಿಸೋದಕ್ಕೆ ಹಾಕಿಸಿದ್ದಕ್ಕಿಂತ ಜಾಸ್ತಿ ದಿನ ಹಿಡಿಯಿತು.

ಕೆಲಸದಲ್ಲಿರುವ ಅಧಿಕಾರಿಗಳಿಗೆ ಪಾಠ ಮಾಡುವುದು ನನಗೆ ಈ ವೃತ್ತಿಯಲ್ಲಿ ಎಲ್ಲಕ್ಕಿಂತ ಇಷ್ಟ. ಲೇಖನ ಪರಿಶೀಲಿಸುವವರು 'ಸಿದ್ಧಾಂತ ಏನು?' ಅಂತ ಕೇಳಿದರೆ ಇವರು 'ಸೋಮವಾರ ಏನು ಮಾಡ್ಲಿ?' ಅಂತ ಕೇಳುತ್ತಾರೆ. ಇಬ್ಬರಿಗೂ ಆಗುವ ಉತ್ತರ ಕ್ಯೂ ಲೆಕ್ಕದಲ್ಲಿದೆ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರ ಒಂದಿದೆ. ಹಾಲ್‌ನಲ್ಲಿ ಸರಾಸರಿ 30 ಜನ ಇರುತ್ತಾರೆ, ಗಂಟೆಗೆ 10 ಜನ ಬಂದು, ಅಷ್ಟೇ ಜನ ಕೆಲಸ ಮುಗಿಸಿ ಹೋಗುತ್ತಾರೆ ಅಂದರೆ ಒಬ್ಬೊಬ್ಬರೂ ಅಲ್ಲಿ ಸರಾಸರಿ 3 ಗಂಟೆ ಕಳೆಯುತ್ತಿದ್ದಾರೆ. ಒಬ್ಬೊಬ್ಬರ ಹಿಂದೆ ಗಡಿಯಾರ ಹಿಡಿದು ಓಡೋದು ಬೇಡ, ತಲೆ ಎಣಿಸಿದರೆ ಸಾಕು.

ಜಗಳ ಶುರುವಾಗುವುದು ಇದರ ಮುಂದಿನ ಪಾಠದಲ್ಲಿ. ಒಂದೇ ಕೌಂಟರು, ಜನ ಬರುವುದಕ್ಕೂ ಒಬ್ಬೊಬ್ಬರಿಗೆ ಹಿಡಿಯುವ ಹೊತ್ತಿಗೂ ಗೊತ್ತುಗುರಿ ಇಲ್ಲ ಅಂತ ಇಟ್ಟುಕೊಳ್ಳಿ. ಅತಿ ಸರಳ ಮಾದರಿಯ ಪ್ರಕಾರ, ಸಿಬ್ಬಂದಿ ಶೇ. 80 ಹೊತ್ತು ಕೆಲಸದಲ್ಲಿದ್ದರೆ ಅಲ್ಲಿ ಸರಾಸರಿ 4 ಜನ ಇರುತ್ತಾರೆ. ಶೇ. 90 ಆದರೆ 9 ಜನ. ಶೇ. 95 ಆದರೆ 19. 'ಹಾಗಾದ್ರೆ ಐದು ಗಂಟೆಯಲ್ಲಿ ಒಂದು ಗಂಟೆ ಸಿಬ್ಬಂದಿ ಕೈ ಕಟ್ಟಿ ಕೂತಿರ್ಲಿ ಅಂತೀರಾ?' ಅಂತ ಒಬ್ಬರು ಎದ್ದು ನಿಂತೇ ಬಿಟ್ಟರು. ಹೌದು ಸಾರ್, ಹಾಗೇ ಅಂತೀನಿ. ಆ ಖಾಲಿ ಗಂಟೆಯನ್ನು ಉಳಿಸಲು ಹೋದರೆ ಅದರ ಎಷ್ಟೋ ಪಟ್ಟು ಹೊತ್ತನ್ನು ಬೆಂಚಿನವರು ತೆರಬೇಕಾಗುತ್ತೆ. ಅವರ ಹೊತ್ತಿಗೆ ಬಜೆಟ್‌ನಲ್ಲಿ ಕಾಲಂ ಇಲ್ಲ, ಅಷ್ಟೇ.

ಅದೇ ಸಾರ್ ಮರುವರ್ಷ ಫೋನ್ ಮಾಡಿದರು. ರಿಜಿಸ್ಟರಿನಲ್ಲಿ 'ಮೊದಲು ಬಂದ ದಿನ' ಅಂತ ಒಂದು ಕಾಲಂ ಸೇರಿಸಿದ್ದಾರಂತೆ, ಯಾರೂ ತುಂಬುತ್ತಿಲ್ಲವಂತೆ. ತುಂಬುವವರ ಮೇಲೆಯೇ ಆರೋಪ ಹೊರಿಸುವ ಕಾಲಂ ಅದು, ಯಾರು ತುಂಬುತ್ತಾರೆ? ಬಾಗಿಲಲ್ಲೇ ದಿನಾಂಕದ ಟೋಕನ್ ಕೊಡಿ, ಅರ್ಜಿ ವಾಪಸಾದರೂ ಟೋಕನ್ ಅವರ ಹತ್ತಿರವೇ ಇರಲಿ, ಏನೇನು ಕಡಿಮೆ ಇದೆ ಅಂತ ಅದರ ಬೆನ್ನ ಮೇಲೆ ಒಂದೇ ಸಲಕ್ಕೆ ಬರೆದುಕೊಡಿ ಅಂದೆ. ಮಾಡಿದ್ದಾರೆ. ಹಳೇ ಟೋಕನ್ ತೋರಿಸಿದವರಿಗೆ ಈಗ ಕ್ಯೂ ಇಲ್ಲವಂತೆ. ಅದರಿಂದ ಅಲ್ಲಿ ಇನ್ನು ಯಾವ ಹೊಸ ಆಟ ಶುರುವಾಗಿದೆಯೋ. ಮುಂದಿನ ತಿಂಗಳು ನೋಟ್‌ಬುಕ್ಕು ಹಿಡಿದು ಹೋಗಿ ಕೂರಬೇಕು.