ವಿಂಡೋಸ್ 10 ನಿಂತಿದೆ, ಲ್ಯಾಪ್‌ಟಾಪ್ ನಿಂತಿಲ್ಲ: ಹಳೆ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕುವ ಬಗೆ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು. ಆಮೇಲೆ ನಮ್ಮ ಅಂಗಡಿಗೆ ಬರುವವರ ಪ್ರಶ್ನೆ ಒಂದೇ. "ಇದನ್ನ ಎಕ್ಸ್‌ಚೇಂಜಿಗೆ ಹಾಕಿ ಹೊಸದು ತಗೊಳ್ಳಲಾ?"

ಬೇಡ. ಕೀಲಿಮಣೆ, ಸ್ಕ್ರೀನ್ ಸರಿ ಇದ್ದರೆ, ಬ್ಯಾಟರಿ ಉಬ್ಬಿಲ್ಲದಿದ್ದರೆ, ಆ ಲ್ಯಾಪ್‌ಟಾಪ್‌ಗೆ ಇನ್ನೂ ಕೆಲವು ವರ್ಷ ಆಯುಷ್ಯ ಇದೆ. ವಿಂಡೋಸ್ ಬದಲು ಪುಕ್ಕಟೆಯಾಗಿ ಸಿಗುವ ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿದರಾಯಿತು. ಸರಿಯಾಗಿ ಕೆಲಸ ಮಾಡುವ ಯಂತ್ರವನ್ನು ತಾರೀಖು ಮುಗಿಯಿತು ಅಂತ ಬಿಸಾಡುವುದು ನನಗೆ ಒಪ್ಪುವ ಮಾತಲ್ಲ. ನಾನು ಶಿರಸಿಯಲ್ಲಿ ಒಂದು ಸಣ್ಣ ಡಿಟಿಪಿ ಅಂಗಡಿ ನಡೆಸುವವಳು. ಸಹಕಾರ ಸಂಘದ ವಾರ್ಷಿಕ ವರದಿ, ಲಗ್ನಪತ್ರಿಕೆ, ಯಕ್ಷಗಾನದ ಹ್ಯಾಂಡ್‌ಬಿಲ್ ಎಲ್ಲವೂ ಇಲ್ಲಿ ತಯಾರಾಗುತ್ತವೆ. ಹಾಗಾಗಿ ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಸಿಗದ ಒಂದು ವಿಷಯವನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಅದು ನಿಮ್ಮ ಹಳೆಯ ಕನ್ನಡ ಫೈಲುಗಳ ಗತಿ.

ಮೊದಲು, ಯಾರಿಗೆ ಇದು ಬೇಡ

ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು ವಿಂಡೋಸ್‌ನಲ್ಲೇ ಇರಿ. ಯುಎಸ್‌ಬಿ ಟೋಕನ್‌ನಲ್ಲಿ ಡಿಜಿಟಲ್ ಸಹಿ ಹಾಕುವವರು, ಬೆರಳಚ್ಚಿನ ಯಂತ್ರ ಜೋಡಿಸಿಕೊಂಡು ಸೇವಾ ಕೇಂದ್ರ ನಡೆಸುವವರು ಕೂಡ ಅಷ್ಟೇ. ಆ ಸಾಧನಗಳನ್ನು ಲಿನಕ್ಸ್‌ನಲ್ಲಿ ಓಡಿಸಲು ಪಡುವ ಪಾಡು ಯಾರಿಗೂ ಬೇಡ.

ಉಳಿದವರು ಪ್ರೊಸೆಸರ್‌ನ ಹೆಸರು ನೋಡಿ. ಐ5-7200ಯು ಅಂತಿದ್ದರೆ ಅಡ್ಡಗೆರೆಯ ನಂತರದ 7 ಅಂದರೆ ಏಳನೇ ತಲೆಮಾರು. ಐ3-5005ಯು ಅಂದರೆ ಐದನೆಯದು. ವಿಂಡೋಸ್ 11 ಕೇಳುವುದು ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದರ ನಂತರದ್ದು, ಜೊತೆಗೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್. ನಿಮ್ಮದು ಐ5-8250ಯು ಆಗಿದ್ದೂ "ಈ ಪಿಸಿಗೆ ಆಗುವುದಿಲ್ಲ" ಅಂತ ಬರುತ್ತಿದ್ದರೆ ಬಯಾಸ್‌ಗೆ, ಅಂದರೆ ಯಂತ್ರದ ಮೂಲ ಸೆಟ್ಟಿಂಗ್ಸ್‌ಗೆ ಹೋಗಿ ಇಂಟೆಲ್ ಪಿಟಿಟಿ ಎನ್ನುವುದನ್ನು ಆನ್ ಮಾಡಿ ನೋಡಿ. ಎಷ್ಟೋ ಸಲ ಟಿಪಿಎಂ ಇರುತ್ತದೆ, ಆಫ್ ಆಗಿರುತ್ತದೆ ಅಷ್ಟೇ.

ಇನ್ನೂ ಮನಸ್ಸು ಗಟ್ಟಿ ಆಗಿಲ್ಲವೇ? ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರ ತನಕ ಸುರಕ್ಷತಾ ಅಪ್‌ಡೇಟ್ ಪಡೆಯುವ ಇಎಸ್‌ಯು ಯೋಜನೆ ಇದೆ. ಮೈಕ್ರೋಸಾಫ್ಟ್ ಖಾತೆಗೆ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿದರೆ ದುಡ್ಡು ಕೊಡಬೇಕಿಲ್ಲ. ಅಪ್‌ಡೇಟ್ ಇಲ್ಲದ ವಿಂಡೋಸ್‌ನಲ್ಲಿ ಬ್ಯಾಂಕ್ ಕೆಲಸ ಮಾಡುವುದಕ್ಕಿಂತ ಅದು ಎಷ್ಟೋ ವಾಸಿ. ಆದರೆ ಅದು ಗಡುವು ಮುಂದೂಡುವ ಉಪಾಯ ಮಾತ್ರ.

ನಿಧಾನಕ್ಕೆ ಕಾರಣ ಡಿಸ್ಕ್

"ಲ್ಯಾಪ್‌ಟಾಪ್ ಸ್ಲೋ ಆಗಿದೆ" ಅಂದಾಗ ಜನ ಪ್ರೊಸೆಸರ್‌ನ ಮೇಲೆ ಅನುಮಾನ ಪಡುತ್ತಾರೆ. ಹಳೆ ಯಂತ್ರಗಳಲ್ಲಿ ತಪ್ಪು ಹೆಚ್ಚಿನ ಸಲ ಹಾರ್ಡ್ ಡಿಸ್ಕ್‌ನದ್ದು. ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆ, ಅದರ ಮೇಲೆ ಅತ್ತಿತ್ತ ಓಡಾಡುವ ಒಂದು ಸೂಜಿ. ಚೂರು ಚೂರಾಗಿ ಹರಡಿದ ಫೈಲುಗಳನ್ನು ಅದು ಸೆಕೆಂಡಿಗೆ ಸುಮಾರು ನೂರು ಸಲ ಮಾತ್ರ ಹುಡುಕಿ ಓದಬಲ್ಲದು. ತಿರುಗುವ ಭಾಗವೇ ಇಲ್ಲದ ಸಾಮಾನ್ಯ ಸಾಟಾ ಎಸ್‌ಎಸ್‌ಡಿ ಇದೇ ಕೆಲಸವನ್ನು ಹತ್ತಾರು ಸಾವಿರ ಸಲ ಮಾಡುತ್ತದೆ. ಹಾಗಾಗಿ ಖರ್ಚು ಮಾಡುವುದಿದ್ದರೆ ಮೊದಲು ಎಸ್‌ಎಸ್‌ಡಿಗೆ ಮಾಡಿ. 256 ಜಿಬಿ ಸಾಕು. ಎರಡೂವರೆ ಇಂಚಿನ ಸಾಟಾ ಮಾದರಿಯೇ ಬೇಕು ಅಂತ ಹೇಳಿ ತನ್ನಿ. "ಎನ್‌ವಿಎಂಇ ಜಾಸ್ತಿ ಫಾಸ್ಟು" ಅಂತ ಯಾರಾದರೂ ಕೊಡಲು ಬಂದರೆ ತೆಗೆದುಕೊಳ್ಳಬೇಡಿ, ಹಳೆ ಡಿಸ್ಕ್‌ನ ಜಾಗದಲ್ಲಿ ಅದು ಕೂರುವುದೇ ಇಲ್ಲ.

ರ್‍ಯಾಮ್ 4 ಜಿಬಿ ಇದ್ದರೆ 8ಕ್ಕೆ ಏರಿಸಿ. ಡಿಡಿಆರ್3ಎಲ್ ಬೇಕೋ ಡಿಡಿಆರ್4 ಬೇಕೋ ಎಂಬುದನ್ನು ಒಳಗಿನ ಪಟ್ಟಿಯ ಮೇಲೆ ಓದಿಕೊಂಡು ಹೋಗಿ. ಅವುಗಳ ಕಚ್ಚು ಬೇರೆ ಬೇರೆ ಕಡೆ ಇರುತ್ತದೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಗೆ ಲ್ಯಾಪ್‌ಟಾಪನ್ನೇ ಹಿಡಿದುಕೊಂಡು ಹೋಗಿ, ಎದುರಿಗೇ ಹಾಕಿಸಿ ನೋಡಿ.

ಹೊಸ ಎಸ್‌ಎಸ್‌ಡಿಯಿಂದ ಇನ್ನೊಂದು ಲಾಭ ಇದೆ. ಹಳೆ ಡಿಸ್ಕ್ ಹೇಗಿತ್ತೋ ಹಾಗೇ ಉಳಿಯುತ್ತದೆ. ಅದನ್ನು ಒಂದು ಯುಎಸ್‌ಬಿ ಕೇಸಿಗೆ ಹಾಕಿಟ್ಟುಕೊಂಡರೆ ಏನೂ ಅಳಿಸಿಹೋಗುವುದಿಲ್ಲ. ಬಿಚ್ಚುವ ಮುಂಚೆ ಮಾತ್ರ ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯಾ ನೋಡಿ. ಇದ್ದರೆ 48 ಅಂಕೆಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಆ ಡಿಸ್ಕ್ ಬೇರೆ ಕಡೆ ತೆರೆಯುವುದಿಲ್ಲ.

ನುಡಿ ಫೈಲುಗಳನ್ನು ವಿಂಡೋಸ್ ಇರುವಾಗಲೇ ಬದಲಾಯಿಸಿಕೊಳ್ಳಿ

ಇದನ್ನು ದಯವಿಟ್ಟು ಹಾರಿಸಬೇಡಿ.

ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳನ್ನು ಬಳಸಿ ಹಳೆ ಪದ್ಧತಿಯಲ್ಲಿ ಟೈಪ್ ಮಾಡಿದ ಫೈಲುಗಳಲ್ಲಿ ನಿಜವಾಗಿ ಇರುವುದು ಕನ್ನಡ ಅಕ್ಷರಗಳಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟ್ ಅದು. ಫಾಂಟ್ ಇದ್ದರೆ "ಕನ್ನಡ" ಅಂತ ಕಾಣುತ್ತದೆ. ಇಲ್ಲದ ಯಂತ್ರದಲ್ಲಿ ಅದೇ ಪದ ಒಂದು ಪಿ, ತಲೆ ಮೇಲೆ ಓರೆ ಗೀಟಿರುವ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಒಂದು ಕ್ಯೂ, ಮತ್ತೆ ಆ ಎ ಆಗಿ ಕಾಣುತ್ತದೆ. ಫೈಲು ಹಾಳಾಯಿತು, ವೈರಸ್ ಬಂತು ಅಂತ ಜನ ಗಾಬರಿ ಬೀಳುವುದು ಇಲ್ಲೇ. ಹಾಳಾಗಿಲ್ಲ. ಫಾಂಟ್ ಇಲ್ಲ, ಅಷ್ಟೇ.

ಫಾಂಟನ್ನೇ ಲಿನಕ್ಸ್‌ಗೂ ಹಾಕಿಕೊಂಡರೆ ಓದಬಹುದು. ಆದರೆ ಅಂಥ ಫೈಲಿನಲ್ಲಿ ಕನ್ನಡದಲ್ಲಿ ಹುಡುಕಲು ಆಗುವುದಿಲ್ಲ. ಅದರಿಂದ ನಕಲು ಮಾಡಿ ವಾಟ್ಸ್ಯಾಪ್‌ನಲ್ಲಿ ಕಳಿಸಿದರೆ ಮೊಬೈಲಿನಲ್ಲಿ ಆ ಗೀಟಿನ ಎ, ಪೌಂಡ್ ಚಿಹ್ನೆಗಳೇ ಬರುತ್ತವೆ. ಯುನಿಕೋಡ್ ಎಂಬ ಜಗತ್ತಿನ ಎಲ್ಲ ಲಿಪಿಗಳ ಸಂಕೇತ ಪದ್ಧತಿಯಲ್ಲಿ ಕನ್ನಡಕ್ಕೆ ಅದರದ್ದೇ ಆದ ಜಾಗ ಇದೆ, ಯಾವ ಫೋನಿನಲ್ಲೂ ಓದಬಹುದು. ಬರೆದದ್ದು ಮಕ್ಕಳ ಕಾಲಕ್ಕೂ ಉಳಿಯಬೇಕು ಅಂದರೆ ಯುನಿಕೋಡ್‌ಗೆ ತರಲೇಬೇಕು. ನನ್ನ ಹಟ ಇದು, ಮತ್ತು ಈ ಹಟ ಎಲ್ಲ ಕನ್ನಡಿಗರಿಗೂ ಇರಬೇಕು ಅಂತ ನನಗನ್ನಿಸುತ್ತದೆ.

ನುಡಿಯ ಜೊತೆ ಬರುವ ಪರಿವರ್ತಕದಲ್ಲೇ ಈ ಕೆಲಸ ಆಗುತ್ತದೆ. ಆನ್‌ಲೈನ್ ಪರಿವರ್ತಕಗಳೂ ಇವೆ. ಕವಿತೆ, ಲೇಖನಕ್ಕೆ ಅವು ಸಾಕು. ವಿಭಾಗಪತ್ರ, ಉಯಿಲು, ಸಂಘದ ಸದಸ್ಯರ ಪಟ್ಟಿ, ಸಾಲದ ಕಾಗದ ಮಾತ್ರ ಯಾರದ್ದೋ ವೆಬ್‌ಸೈಟಿಗೆ ಅಂಟಿಸಬೇಡಿ. ಅದರಲ್ಲಿ ಊರಿನವರ ಹೆಸರು, ಸರ್ವೆ ನಂಬರು ಎಲ್ಲ ಇರುತ್ತದೆ ಅಲ್ವಾ?

ಬದಲಾಯಿಸಿದ ಮೇಲೆ ಎರಡು ಕಡೆ ಕಣ್ಣಿಟ್ಟು ನೋಡಿ. ಒಂದು, ಅರ್ಕಾವೊತ್ತು. "ಸೂರ್ಯ" ಬರೆಯುವಾಗ ಹಳೆ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ ಮೊದಲು ಯ, ಆಮೇಲೆ ಅರ್ಕಾವೊತ್ತು ಕೂರುತ್ತದೆ. ಯುನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಲ್ಲಿ ರ್ ಮೊದಲು, ಯ ಆಮೇಲೆ. ಪರಿವರ್ತಕ ಇದನ್ನು ಹಿಂದೆಮುಂದೆ ಮಾಡಬೇಕು, ಒತ್ತಕ್ಷರ ಜಾಸ್ತಿ ಇದ್ದಲ್ಲಿ ಕೆಲವೊಮ್ಮೆ ಎಡವುತ್ತದೆ. ಎರಡು, ನಡುವೆ ಬಂದ ಇಂಗ್ಲಿಷ್ ಪದಗಳು. ಇಮೇಲ್ ವಿಳಾಸ, ಐಎಫ್‌ಎಸ್‌ಸಿ ಕೋಡ್‌ಗಳನ್ನೂ ಅದು ಕನ್ನಡ ಅಂತ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಅದಕ್ಕೇ ಮೂಲ ಫೈಲನ್ನು ಅಳಿಸಬೇಡಿ, ಎರಡನ್ನೂ ಇಟ್ಟುಕೊಳ್ಳಿ.

ಪೇಜ್‌ಮೇಕರ್ ಫೈಲುಗಳ ಕತೆ ಬೇರೆ. ಪುಟ ವಿನ್ಯಾಸದ ಹಳೆ ತಂತ್ರಾಂಶವಾದ ಪೇಜ್‌ಮೇಕರ್‌ಗೆ ಯುನಿಕೋಡ್ ಕನ್ನಡ ಗೊತ್ತೇ ಇಲ್ಲ. ನಮ್ಮ ಅಂಗಡಿಯಲ್ಲಿ ಅದಕ್ಕೆಂದೇ ಒಂದು ವಿಂಡೋಸ್ ಯಂತ್ರ ಉಳಿಸಿಕೊಂಡಿದ್ದೇವೆ. ಅದಕ್ಕೆ ಇಂಟರ್ನೆಟ್ ಸಂಪರ್ಕ ಕೊಟ್ಟಿಲ್ಲ, ಕೊಡುವುದೂ ಇಲ್ಲ.

ಮಿಂಟ್ ಇಳಿಸಿಕೊಳ್ಳುವುದು, ಪರೀಕ್ಷಿಸುವುದು

ಲಿನಕ್ಸ್‌ನಲ್ಲಿ ನೂರೆಂಟು ಬಗೆ ಇವೆ. ತಲೆ ಕೆಡಿಸಿಕೊಳ್ಳಬೇಡಿ, ಲಿನಕ್ಸ್ ಮಿಂಟ್ ಹಾಕಿ. ವಿಂಡೋಸ್ ಬಳಸಿದವರಿಗೆ ಕೆಳಗಿನ ಪಟ್ಟಿ, ಮೂಲೆಯ ಮೆನು ಎಲ್ಲ ಗುರುತಿನದ್ದೇ. 22ನೇ ಆವೃತ್ತಿಗೆ 2029ರ ತನಕ ಅಪ್‌ಡೇಟ್ ಬರುತ್ತದೆ. 4 ಜಿಬಿ ರ್‍ಯಾಮ್‌ನಲ್ಲೇ ನಡೆಸುವುದಾದರೆ ಎಕ್ಸ್‌ಎಫ್‌ಸಿಇ ಆವೃತ್ತಿ, 8 ಇದ್ದರೆ ಸಿನಮನ್.

ಮಿಂಟ್‌ನ ಸೈಟಿನಿಂದ ಇಳಿಸಿಕೊಂಡ ಫೈಲಿನ ಶಾ256 ಮೊತ್ತವನ್ನು (ಫೈಲಿನ ಬೆರಳಚ್ಚಿನಂತಿರುವ ಉದ್ದ ಸಂಕೇತ) ಮಿಂಟ್‌ನವರು ಕೊಟ್ಟಿರುವ ಮೊತ್ತದ ಜೊತೆ ಹೋಲಿಸಿ ನೋಡಿ. "ಅಧಿಕೃತ ಸೈಟಿನಿಂದಲೇ ತಂದೆನಲ್ಲ" ಅನ್ನಬೇಡಿ. 2016ರ ಫೆಬ್ರವರಿ 20ರಂದು ದಾಳಿಕೋರರು ಮಿಂಟ್‌ನ ಸೈಟಿಗೇ ನುಗ್ಗಿ, 17.3 ಸಿನಮನ್‌ನ ಕೊಂಡಿಯನ್ನು ಹಿಂಬಾಗಿಲು ಸೇರಿಸಿದ ಫೈಲಿಗೆ ತಿರುಗಿಸಿದ್ದರು. ಹೋಲಿಸುವ ಮೊತ್ತ ಅಸಲಿಯಾಗಿದ್ದರೆ ಅಂಥ ಫೈಲು ಸಿಕ್ಕಿಬೀಳುತ್ತದೆ. ಎರಡು ನಿಮಿಷದ ಕೆಲಸ.

ಆಮೇಲೆ 8 ಜಿಬಿಯ ಪೆನ್‌ಡ್ರೈವ್‌ಗೆ ರೂಫಸ್ ಅಥವಾ ಎಚರ್ ಬಳಸಿ ಬರೆಯಿರಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ. ಲ್ಯಾಪ್‌ಟಾಪ್ ಆನ್ ಮಾಡುವಾಗ ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್ ಒತ್ತಿದರೆ ಸಾಮಾನ್ಯವಾಗಿ ಬೂಟ್ ಮೆನು ಬರುತ್ತದೆ.

ಮಿಂಟ್ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ. ತಕ್ಷಣ ಇನ್‌ಸ್ಟಾಲ್ ಒತ್ತಬೇಡಿ. ವೈಫೈ, ಶಬ್ದ, ಕ್ಯಾಮೆರಾ, ಸ್ಕ್ರೀನಿನ ಬೆಳಕು ನೋಡಿ. ಮುಚ್ಚಳ ಹಾಕಿ ತೆಗೆಯಿರಿ, ನಿದ್ದೆಯಿಂದ ಸರಿಯಾಗಿ ಏಳುತ್ತದಾ? ನಿಮ್ಮ ಪ್ರಿಂಟರ್ ಜೋಡಿಸಿ ಒಂದು ಪುಟ ತೆಗೆಯಿರಿ, ಕೆಲವು ಹಳೆ ಲೇಸರ್ ಪ್ರಿಂಟರ್‌ಗಳು ಲಿನಕ್ಸ್‌ನಲ್ಲಿ ಸತಾಯಿಸುತ್ತವೆ. ವೈಫೈ ಸಿಗದಿದ್ದರೆ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಡ್ರೈವರ್ ಮ್ಯಾನೇಜರ್ ತೆರೆಯಿರಿ. ಎಷ್ಟೋ ಸಲ ಬೇಕಾದ ಡ್ರೈವರ್ ಅಲ್ಲೇ ಸಿಗುತ್ತದೆ.

ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಆಯ್ಕೆ ಇರುತ್ತದೆ. ಬಸ್ಸಿನಲ್ಲಿ ಓಡಾಡುವ ಲ್ಯಾಪ್‌ಟಾಪ್ ಆದರೆ ಖಂಡಿತ ಹಾಕಿ, ಕಳೆದುಹೋದರೂ ಒಳಗಿನದ್ದು ಯಾರಿಗೂ ಸಿಗುವುದಿಲ್ಲ. ಪಾಸ್‌ವರ್ಡ್ ಮರೆತರೆ ನಿಮಗೂ ಸಿಗುವುದಿಲ್ಲ. ಬರೆದು ಬೀರುವಿನಲ್ಲಿಡಿ. ಕಾಗದದಲ್ಲಿ ಪಾಸ್‌ವರ್ಡ್ ಬರೆಯಬಾರದು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಬಸ್ಸಿನಲ್ಲಿ ಲ್ಯಾಪ್‌ಟಾಪ್ ಕದ್ದವನಿಗೂ, ಇಂಟರ್ನೆಟ್ಟಿನಿಂದ ಬರುವ ಕಳ್ಳನಿಗೂ ನಿಮ್ಮ ಬೀರು ಕಾಣುವುದಿಲ್ಲ.

ಕನ್ನಡ ಟೈಪಿಂಗ್

ನುಡಿಯ ಕೆಪಿ ರಾವ್ ಕೀಲಿಮಣೆ ಬೆರಳಿಗೆ ಹತ್ತಿದವರಿಗೆ ಒಳ್ಳೆ ಸುದ್ದಿ. ಅದೇ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ. ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಐಬಸ್ ಮತ್ತು ಐಬಸ್-ಎಂ17ಎನ್ ಎಂಬ ಟೈಪಿಂಗ್ ಸಾಧನಗಳನ್ನು ಹಾಕಿಕೊಳ್ಳಿ. ಇನ್‌ಪುಟ್ ಮೆಥಡ್ ಎಂಬ ಕಡೆ ಐಬಸ್ ಆರಿಸಿ, ಲಾಗ್‌ಔಟ್ ಆಗಿ ಬನ್ನಿ. ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ ಸೇರಿಸಿ, ಕೆಪಿ ರಾವ್ ವಿನ್ಯಾಸಕ್ಕೆ ಅಲ್ಲಿರುವ ಹೆಸರು ಅದು. ವಿಂಡೋಸ್ ಗುರುತಿನ ಕೀ ಮತ್ತು ಸ್ಪೇಸ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್.

ಪರೀಕ್ಷೆಗೆ ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿ. "ಕನ್ನಡ" ಬರಬೇಕು. ಒತ್ತಕ್ಷರಕ್ಕೆ ಎಫ್, ಡಕ್ಕೆ ಡಬ್ಲ್ಯು, ಟಕ್ಕೆ ಕ್ಯೂ, ಎಲ್ಲ ನುಡಿಯಲ್ಲಿ ಇದ್ದಂತೆಯೇ. ಇಂಗ್ಲಿಷ್ ಉಚ್ಚಾರಣೆಯಂತೆ ಬರೆಯುವವರು ಕೆಜಿಪಿ ಬದಲು ಐಟ್ರಾನ್ಸ್ ಸೇರಿಸಿಕೊಳ್ಳಿ. ಫಾಂಟ್‌ಗೆ ನೋಟೊ ಸಾನ್ಸ್ ಕನ್ನಡ, ಲೋಹಿತ್ ಇವೆ. ಗುಬ್ಬಿ, ನವಿಲು ಅಂತ ಎರಡು ಚೆಂದದ ಮುಕ್ತ ಫಾಂಟ್‌ಗಳೂ ಸಿಗುತ್ತವೆ. ಬರೆಯಲು ಲಿಬ್ರೆ ಆಫೀಸ್ ಜೊತೆಗೇ ಬರುತ್ತದೆ.

ಸುರಕ್ಷತೆಗೆ ಇಷ್ಟು ಸಾಕು

ಫೈರ್‌ಫಾಕ್ಸ್‌ನಲ್ಲಿ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಹಾಕಿ. ಕ್ರೋಮ್ 2025ರಲ್ಲಿ ಇದನ್ನು ಕೆಲಸ ಮಾಡದಂತೆ ಮಾಡಿತು, ಫೈರ್‌ಫಾಕ್ಸ್‌ನಲ್ಲಿ ಪೂರ್ತಿ ನಡೆಯುತ್ತದೆ. ಜಾಹೀರಾತು ತಡೆಯುವುದು ನನ್ನ ಮಟ್ಟಿಗೆ ಸುರಕ್ಷತೆಯ ಮೊದಲ ಕೆಲಸ. ನಕಲಿ ಡೌನ್‌ಲೋಡ್ ಗುಂಡಿಗಳು, "ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ" ಎಂಬ ಪೆಟ್ಟಿಗೆಗಳು ಬಹುಪಾಲು ಬರುವುದು ಜಾಹೀರಾತಿನ ದಾರಿಯಲ್ಲೇ.

ಆಂಟಿವೈರಸ್‌ಗೆ ದುಡ್ಡು ಕೊಡಬೇಡಿ. ವಿಂಡೋಸ್‌ನಲ್ಲೇ ಉಳಿದವರಿಗೂ ಅದರ ಜೊತೆ ಬರುವ ಡಿಫೆಂಡರ್ ಸಾಕು. ಕೊಡಲೇಬಾರದ ಇನ್ನೊಂದು ದುಡ್ಡು ಇದೆ, ಕ್ರ್ಯಾಕ್ ಹಾಕಿದ ವಿಂಡೋಸ್, ಆಫೀಸ್‌ಗೆ ಕೊಡುವ ಮುನ್ನೂರು ಐನೂರು. ಆ ಆಕ್ಟಿವೇಟರ್ ಓಡಿಸಲು ಮೊದಲು ಡಿಫೆಂಡರ್ ಆಫ್ ಮಾಡಿ ಅನ್ನುತ್ತಾರೆ. ಯಾರು ಬರೆದರೋ ಗೊತ್ತಿಲ್ಲದ ಪ್ರೋಗ್ರಾಮಿಗೆ ಕಾವಲು ತೆಗೆದು ಒಳಗೆ ಬಿಡುವುದು, ಅದೇ ಯಂತ್ರದಲ್ಲಿ ನೆಟ್‌ಬ್ಯಾಂಕಿಂಗ್ ಮಾಡುವುದು! ಪುಕ್ಕಟೆಯಾಗಿ, ನ್ಯಾಯವಾಗಿ ಸಿಗುವ ಲಿಬ್ರೆ ಆಫೀಸ್ ಇರುವಾಗ ಇದು ಯಾಕೆ ಬೇಕು?

ಅಪ್‌ಡೇಟ್ ಮ್ಯಾನೇಜರ್ ಬಂದಾಗ ಒಪ್ಪಿಗೆ ಕೊಡಿ. ಟೈಮ್‌ಶಿಫ್ಟ್ ಆನ್ ಮಾಡಿಡಿ, ಅಪ್‌ಡೇಟ್‌ನಿಂದ ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು. ನೆನಪಿಡಿ, ಅದು ವ್ಯವಸ್ಥೆಯನ್ನು ಮಾತ್ರ ಉಳಿಸುತ್ತದೆ. ನಿಮ್ಮ ಫೋಟೋ, ಬರಹಗಳನ್ನು ಬೇರೆ ಡಿಸ್ಕ್‌ಗೆ ನೀವೇ ನಕಲು ಮಾಡಬೇಕು.

ಹಳೆ ಹಾರ್ಡ್ ಡಿಸ್ಕನ್ನು ಈ ನಕಲಿಗೇ ಬಳಸಬಹುದು, ಆದರೆ ಅದೊಂದನ್ನೇ ನಂಬಬೇಡಿ. ಮಿಂಟ್‌ನ ಮೆನುವಿನಲ್ಲಿ ಡಿಸ್ಕ್ಸ್ ಎಂಬ ಸಾಧನ ಇದೆ. ಅದರಲ್ಲಿ ಸ್ಮಾರ್ಟ್ ಮಾಹಿತಿ, ಅಂದರೆ ಡಿಸ್ಕ್‌ನ ಆರೋಗ್ಯದ ಲೆಕ್ಕ ತೆರೆದು ನೋಡಿ. ರಿಅಲೊಕೇಟೆಡ್ ಸೆಕ್ಟರ್ (ಕೆಟ್ಟುಹೋಗಿ ಬದಲಿಸಿಕೊಂಡ ಭಾಗಗಳು) ಎನ್ನುವ ಲೆಕ್ಕ ಏರುತ್ತಿದ್ದರೆ ಆ ಡಿಸ್ಕ್ ಸಾಯುತ್ತಿದೆ ಅಂತ. ಅಂಥದ್ದನ್ನು ಗುಜರಿಗೆ ಕೊಡುವ ಮುಂಚೆ ಅದೇ ಸಾಧನದಲ್ಲಿ ಫಾರ್ಮ್ಯಾಟ್ ಆಯ್ಕೆಗೆ ಹೋಗಿ, ಸೊನ್ನೆಗಳಿಂದ ಮೇಲೆ ಬರೆಯುವ ನಿಧಾನದ ವಿಧಾನವನ್ನು ಆರಿಸಿ. ಕೆಲವು ತಾಸು ಹಿಡಿಯುತ್ತದೆ, ರಾತ್ರಿ ಹಾಕಿ ಮಲಗಿ.