ಟಾಸ್ಕ್ ಮ್ಯಾನೇಜರ್ ತೆರೆದರೆ ಸುಮ್ಮನಾಗುವ ಫ್ಯಾನ್

ನಾನು ದಾವಣಗೆರೆಯಲ್ಲಿ ಮನೆಯಲ್ಲೇ ಕೂತು ಹತ್ತು ಹದಿನೈದು ಅಂಗಡಿಗಳ ಲೆಕ್ಕ ಬರೆಯುತ್ತೇನೆ, ಜಿಎಸ್‌ಟಿ ರಿಟರ್ನ್ ಹಾಕುತ್ತೇನೆ. ಕಂಪ್ಯೂಟರ್ ರಿಪೇರಿ ನನ್ನ ಕಸುಬಲ್ಲ. ಏಪ್ರಿಲ್ ಮೊದಲ ವಾರದಿಂದ ನಮ್ಮ ಮನೆಯ ಡೆಸ್ಕ್‌ಟಾಪ್ ಹಿಟ್ಟಿನ ಗಿರಣಿ ಥರ ಸದ್ದು ಮಾಡಲು ಶುರು ಮಾಡಿತು. ನಮ್ಮೂರಿನ ಬಿಸಿಲು ಗೊತ್ತಲ್ಲ, ಅದೇ ಕಾರಣ ಅಂದುಕೊಂಡೆ. ಕ್ಯಾಬಿನೆಟ್ ಬಿಚ್ಚಿ ಬ್ರಷ್ ಹಾಕಿ ಧೂಳು ಹೊಡೆದೆ. ಎರಡು ದಿನ ಮನಸ್ಸಿಗೆ ಸಮಾಧಾನ ಆಯಿತು, ಸದ್ದು ಮಾತ್ರ ಹಾಗೇ ಇತ್ತು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಕಂಪ್ಯೂಟರಿನಲ್ಲಿ ಈಗ ಏನೇನು ಓಡುತ್ತಿದೆ ಅಂತ ತೋರಿಸುವ ಪಟ್ಟಿ ಅದು. ತೆರೆದ ಕ್ಷಣ ಸಿಪಿಯು, ಅಂದರೆ ಪ್ರೊಸೆಸರ್ ಮೇಲಿನ ಹೊರೆ, ಶೇಕಡಾ 100 ತೋರಿಸಿ ಸರ್ರನೆ 6ಕ್ಕೆ ಇಳಿಯುತ್ತಿತ್ತು. ತೆರೆಯುವ ಭಾರಕ್ಕೆ ಹಾಗೆ ಅಂತ ಬಿಟ್ಟೆ. ಅಲ್ಲೇ ತಪ್ಪಿದ್ದು.

ಆ ಪಟ್ಟಿ ನೋಡಿದರೆ ಯಾರಿಗಾದರೂ ಭಯ ಆಗುತ್ತದೆ. ಒಂದು ಹೆಸರೂ ನಮ್ಮ ಪರಿಚಯದ್ದಲ್ಲ. ಎಸ್‌ವಿಸಿಹೋಸ್ಟ್ ಅನ್ನೋದು ಒಂದಲ್ಲ, ಎಣಿಸಿದರೆ 74. ಇದೇ ಕಳ್ಳ ಅಂತ ಅರ್ಧ ರಾತ್ರಿ ನಿದ್ದೆಗೆಟ್ಟೆ. ಆಮೇಲೆ ಗೊತ್ತಾಯಿತು, ಅದು ವಿಂಡೋಸಿನ ಸೇವೆಗಳನ್ನು ಹೊತ್ತು ನಡೆಸುವ ಗಾಡಿ. ಮೊದಲೆಲ್ಲ ಒಂದೇ ಗಾಡಿಯಲ್ಲಿ ಹತ್ತು ಸೇವೆ ತುಂಬುತ್ತಿದ್ದರು. 2017ರ ವಿಂಡೋಸ್ ಅಪ್‌ಡೇಟ್‌ನಿಂದ, ಮೆಮೊರಿ 3.5 ಜಿಬಿಗಿಂತ ಜಾಸ್ತಿ ಇದ್ದರೆ ಹೆಚ್ಚಿನ ಸೇವೆಗಳಿಗೆ ಒಂದೊಂದು ಬೇರೆ ಗಾಡಿ. ನನ್ನದು 8 ಜಿಬಿ. ಎಪ್ಪತ್ತು ಇದ್ದರೆ ಆಶ್ಚರ್ಯ ಇಲ್ಲ.

ಆದರೆ ಅಷ್ಟು ಓದುವ ಮೊದಲೇ ಕೈ ಕೆಲಸ ಮಾಡಿಬಿಟ್ಟಿತ್ತು. ಪಟ್ಟಿಯಲ್ಲಿ ಎಮ್‌ಸೈನರ್ ಅಂತ ಒಂದು ಕಂಡಿತು. ಸುಮ್ನೆ ಯಾವಾಗಲೂ ಓಡುತ್ತಾ ಕೂತಿದೆ, ಒಳಗೊಳಗೇ ಏನೋ ಮಾತಾಡುತ್ತಿದೆ ಅಂತ ನಿಲ್ಲಿಸಿ, ಸ್ಟಾರ್ಟ್‌ಅಪ್‌ನಿಂದಲೂ ತೆಗೆದೆ. 19ನೇ ತಾರೀಕು ಸಂಜೆ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯ 3ಬಿ ಅನ್ನೋ ಜಿಎಸ್‌ಟಿ ರಿಟರ್ನ್ ಹಾಕಲು ಕೂತರೆ ಡಿಜಿಟಲ್ ಸಹಿಯೇ ಬೀಳುತ್ತಿಲ್ಲ. ಮಾರನೇ ದಿನ ಕೊನೆಯ ದಿನ. ಪೋರ್ಟಲ್‌ಗೆ ಎರಡು ಬೈದು, ಸಹಿ ಇರುವ, ಪೆನ್‌ಡ್ರೈವ್ ಥರದ ಟೋಕನ್ ಕಿತ್ತು ಕಿತ್ತು ಚುಚ್ಚಿ, ಒಂದು ಗಂಟೆ ಆದ ಮೇಲೆ ನೆನಪಾಯಿತು: ಟೋಕನ್ನಿಗೂ ಪೋರ್ಟಲ್ಲಿಗೂ ನಡುವೆ ನಿಂತು ಸಹಿ ಹಾಕಿಸುವುದೇ ಆ ಎಮ್‌ಸೈನರ್. ಅದು ಮಾತಾಡುತ್ತಿದ್ದುದು 127.0.0.1 ಅನ್ನೋ ವಿಳಾಸದ ಜೊತೆ. ಅಂದರೆ ಹೊರಗಿನ ಯಾರ ಜೊತೆಗೂ ಅಲ್ಲ, ನಮ್ಮ ಕಂಪ್ಯೂಟರ್ ಜೊತೆಗೇ.

ಅಸಲಿ ಸುಳಿವು ಕೊಟ್ಟಿದ್ದು ಮಗಳು. ಸಿಇಟಿಗೆ ಓದುತ್ತಾ ಪಕ್ಕದ ಕೋಣೆಯಲ್ಲಿ ಕೂತಿರುತ್ತಾಳೆ, ಈ ಸದ್ದು ಅವಳಿಗೇ ಜಾಸ್ತಿ ಕಾಟ. "ಅಪ್ಪಾ, ನೀನು ಆ ಲಿಸ್ಟ್ ತೆಗೆದಾಗೆಲ್ಲ ಫ್ಯಾನ್ ಸುಮ್ನಾಗುತ್ತೆ, ನೋಡಿದೀಯಾ?" ಅಂದಳು. ನೋಡಿರಲಿಲ್ಲ. ತೆರೆದೆ, ಸದ್ದು ನಿಂತಿತು. ಮುಚ್ಚಿ ಒಂದು ನಿಮಿಷ ಕಾದೆವು, ಗಿರಣಿ ಮತ್ತೆ ಶುರು. ಮೂರು ಸಲ ಮಾಡಿದೆವು, ಮೂರು ಸಲವೂ ಅದೇ. ಮೇಷ್ಟ್ರು ಒಳಗೆ ಬಂದ ತಕ್ಷಣ ಪುಸ್ತಕ ಹಿಡಿಯೋ ಹುಡುಗರ ಥರ!

ಹಾಗಾದರೆ ಟಾಸ್ಕ್ ಮ್ಯಾನೇಜರ್ ತೆರೆಯದೇ ನೋಡಬೇಕು. ಅವತ್ತು ಸಂಜೆ ಅದನ್ನು ಮುಟ್ಟಲೇ ಇಲ್ಲ, ಮೂರು ಗಂಟೆ ಸುಮ್ನೆ ಬಿಟ್ಟೆ. ಆಮೇಲೆ ಆಜ್ಞೆ ಬರೆದು ಕೇಳುವ ಕಿಟಕಿ, ಕಮಾಂಡ್ ಪ್ರಾಂಪ್ಟ್ ತೆಗೆದು ಟಾಸ್ಕ್‌ಲಿಸ್ಟ್ ಅಂತ ಬರೆದು, ಓರೆಗೆರೆ ಹಾಕಿ ವಿ ಅಕ್ಷರ ಸೇರಿಸಿದೆ. ಹೀಗೆ ಕೊಟ್ಟರೆ ಯಾವ ಪ್ರೋಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಮ್, ಶುರುವಾದಾಗಿನಿಂದ ಎಷ್ಟು ಸಿಪಿಯು ಸಮಯ ತಿಂದಿದೆ ಅಂತ ಲೆಕ್ಕ ಬರುತ್ತದೆ. ಬಾಕಿ ಎಸ್‌ವಿಸಿಹೋಸ್ಟ್‌ಗಳು ಕೆಲವು ಸೆಕೆಂಡು, ಹೆಚ್ಚೆಂದರೆ ಎರಡು ಮೂರು ನಿಮಿಷ. ಒಂದರ ಮುಂದೆ ಮಾತ್ರ 8 ಗಂಟೆ 41 ನಿಮಿಷ. ಮೂರು ಗಂಟೆಯಲ್ಲಿ ಎಂಟು ಗಂಟೆ ಹೇಗೆ ಅಂದರೆ, ಪ್ರೊಸೆಸರ್‌ನಲ್ಲಿ ನಾಲ್ಕು ಕೋರ್ ಇವೆ, ನಾಲ್ಕರ ಸಮಯವೂ ಕೂಡುತ್ತದೆ. ಲೆಕ್ಕ ಬರೆಯುವವನಿಗೆ ತಾಳೆಯಾಗದ ಸಾಲು ಕಂಡರೆ ಆಗುವ ಖುಷಿಯೇ ಬೇರೆ.

ಆ ಸಾಲಿನ ಪಿಐಡಿ ಅನ್ನೋ ಗುರುತಿನ ನಂಬರ್ ಹಿಡಿದು, ಈ ಫೈಲ್ ಇರೋದು ಎಲ್ಲಿ ಅಂತ ಪವರ್‌ಶೆಲ್ ಅನ್ನೋ ಅಂಥದ್ದೇ ಇನ್ನೊಂದು ಕಿಟಕಿಯಲ್ಲಿ ಕೇಳಿದೆ. ಅಸಲಿ ಎಸ್‌ವಿಸಿಹೋಸ್ಟ್ ವಾಸ ವಿಂಡೋಸ್ ಫೋಲ್ಡರಿನ ಸಿಸ್ಟಮ್32ರಲ್ಲಿ. ಇದು ಪ್ರೋಗ್ರಾಮ್‌ಡೇಟಾ ಒಳಗೆ, ಮರೆಮಾಡಿದ ಒಂದು ಫೋಲ್ಡರಿನಲ್ಲಿ ಕೂತಿತ್ತು. ಹೆಸರು ಒಂದೇ, ಮನೆ ಬೇರೆ. ಅಷ್ಟು ದಿನ ನಾನು ಹೆಸರುಗಳನ್ನೇ ಗೂಗಲ್ ಮಾಡಿ ಕಣ್ಣು ಹಾಳು ಮಾಡಿಕೊಂಡಿದ್ದೆ. ಹೆಸರು ಯಾರು ಬೇಕಾದರೂ ಇಟ್ಟುಕೊಳ್ಳಬಹುದು ಅಲ್ವಾ? ಎಲ್ಲಿಂದ ಓಡುತ್ತಿದೆ, ಯಾರ ಸಹಿ ಇದೆ, ಯಾರು ಎಬ್ಬಿಸುತ್ತಾರೆ, ಈ ಮೂರನ್ನೇ ಮೊದಲು ಕೇಳಬೇಕಿತ್ತು.

ಕೊಂದೆ. ಒಂದು ನಿಮಿಷಕ್ಕೆ ಎದ್ದು ಬಂತು. ಮತ್ತೆ ಕೊಂದೆ, ಮತ್ತೆ ಬಂತು. ಆಗ ಆಟೋರನ್ಸ್ ಹಚ್ಚಿದೆ. ಇದು ಸಿಸ್‌ಇಂಟರ್ನಲ್ಸ್ ಅನ್ನೋ ಉಪಕರಣಗಳ ಗುಂಪಿನದು. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಶುರು ಮಾಡಿದ್ದು, 2006ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು, ಈಗಲೂ ಪುಕ್ಕಟೆ. ಕಂಪ್ಯೂಟರ್ ಎದ್ದಾಗ ತಾನಾಗಿ ಏಳುವ ಎಲ್ಲವನ್ನೂ ಇದು ತೋರಿಸುತ್ತದೆ. ಮೈಕ್ರೋಸಾಫ್ಟ್‌ನವನ್ನು ಮರೆಮಾಡು ಅನ್ನೋ ಆಯ್ಕೆಗೆ ಟಿಕ್ ಹಾಕಿದರೆ ಉದ್ದದ ಪಟ್ಟಿ ಸಣ್ಣದಾಗುತ್ತದೆ. ನನಗೆ ಉಳಿದಿದ್ದು ಮೂವತ್ತು ಚಿಲ್ಲರೆ. ಪ್ರಿಂಟರ್, ಟೋಕನ್ ಡ್ರೈವರ್, ಬ್ರೌಸರ್ ಅಪ್‌ಡೇಟ್. ಶೆಡ್ಯೂಲ್ಡ್ ಟಾಸ್ಕ್ಸ್ ಕೆಳಗೆ ಮಾತ್ರ ಒಂದು ಗುಲಾಬಿ ಬಣ್ಣದ ಸಾಲು, ಪ್ರಕಾಶಕರ ಜಾಗ ಖಾಲಿ. ಅದೇ ಪ್ರೋಗ್ರಾಮ್‌ಡೇಟಾ ವಿಳಾಸ. ನಿಮಿಷಕ್ಕೊಮ್ಮೆ ನೋಡಿ ಎಬ್ಬಿಸು ಅಂತ ಅಪ್ಪಣೆ. ಟಿಕ್ ತೆಗೆದೆ, ಆಮೇಲೆ ಕೊಂದೆ. ಏಳಲಿಲ್ಲ.

ವಿಂಡೋಸಿನದೇ ಆಂಟಿವೈರಸ್ ಡಿಫೆಂಡರ್ ಯಾಕೆ ಹಿಡಿಯಲಿಲ್ಲ? ವಿಂಡೋಸ್ ಸೆಕ್ಯುರಿಟಿಯಲ್ಲಿ ಎಕ್ಸ್‌ಕ್ಲೂಷನ್ಸ್ ಪುಟ ತೆಗೆದೆ. ಇಡೀ ಪ್ರೋಗ್ರಾಮ್‌ಡೇಟಾ ಫೋಲ್ಡರ್ ಅಲ್ಲಿ ಕೂತಿತ್ತು. ಅಂದರೆ ಕಾವಲುಗಾರನಿಗೇ ಆ ಕೋಣೆ ನೋಡಬೇಡ ಅಂತ ಹೇಳಿಟ್ಟಿದ್ದಾರೆ. ನಾನು ಆ ಪುಟ ಹುಟ್ಟಿದಾಗಿನಿಂದ ತೆಗೆದವನಲ್ಲ. ನೀವೂ ಒಮ್ಮೆ ತೆಗೆದು ನೋಡಿ, ಖಾಲಿ ಇದ್ದರೆ ಒಳ್ಳೆಯದು.

ಆಗ ನೆಟ್ ಕೇಬಲ್ ಕಿತ್ತೆ. ಫೈಲ್ ಏನು ಅಂತ ತಿಳಿಯಲು ವೈರಸ್‌ಟೋಟಲ್ ಬೇಕು, ಅಂದರೆ ಒಂದೇ ಫೈಲನ್ನು ಹಲವು ಆಂಟಿವೈರಸ್ ಎಂಜಿನ್‌ಗಳು ಏನನ್ನುತ್ತವೆ ಅಂತ ತೋರಿಸುವ ವೆಬ್‌ಸೈಟ್. ಕಂಪ್ಯೂಟರಿಗೆ ನೆಟ್ ಇಲ್ಲ. ಸರ್ಟ್‌ಯುಟಿಲ್ ಕಮಾಂಡ್‌ನಿಂದ ಫೈಲಿನ ಎಮ್‌ಡಿ5 ತೆಗೆದೆ, ಅದು ಫೈಲಿನ ಬೆರಳಚ್ಚು ಇದ್ದ ಹಾಗೆ, 32 ಅಕ್ಷರ. ಮಗಳು ಪರದೆ ನೋಡಿ ಒಂದೊಂದೇ ಓದಿದಳು, ನಾನು ಮೊಬೈಲಿನಲ್ಲಿ ಒತ್ತಿದೆ. "ಬಿ ಅಂದ್ರೆ ಬೆಂಗಳೂರು, ಡಿ ಅಂದ್ರೆ ದಾವಣಗೆರೆ" ಅಂತ ರೈಲ್ವೆ ವಿಚಾರಣೆ ಥರ ನಡೆಯಿತು. ಎರಡನೇ ಸಲಕ್ಕೆ ಸರಿ ಹೋಯಿತು. ಎಪ್ಪತ್ತು ಹತ್ತಿರ ಎಂಜಿನ್‌ಗಳಲ್ಲಿ 48 ಕೆಂಪು, ಬಹಳಷ್ಟು ಹೆಸರಿನಲ್ಲಿ ಮೈನರ್ ಅನ್ನೋ ಪದ. ಒಂದೋ ಎರಡೋ ಕೆಂಪು ಬಂದರೆ ಸುಳ್ಳು ಎಚ್ಚರಿಕೆ ಇರಬಹುದು, 48 ಬಂದರೆ ಮಾತೇ ಇಲ್ಲ. ಇನ್ನೊಂದು ಮಾತು, ಅಲ್ಲಿ ಹಾಕಿದ ಫೈಲ್ ಭದ್ರತಾ ಕಂಪನಿಗಳಿಗೆಲ್ಲ ಸಿಗುತ್ತದೆ. ಗ್ರಾಹಕರ ಲೆಕ್ಕದ ಫೈಲನ್ನು ಪರೀಕ್ಷೆಗೆ ಅಂತ ಏರಿಸಬೇಡಿ.

ಮೈನರ್ ಅಂದರೆ ನಮ್ಮ ಕಂಪ್ಯೂಟರಿನಲ್ಲಿ ಯಾರೋ ತಮಗೆ ಕ್ರಿಪ್ಟೋ ನಾಣ್ಯ ಅಗೆಯುವುದು. ಮೊನೆರೊ ಅನ್ನೋ ನಾಣ್ಯ ಸಾಮಾನ್ಯ ಸಿಪಿಯುನಲ್ಲೇ ಅಗೆಯಲು ಬರುತ್ತದೆ, ಅದಕ್ಕೇ ಮನೆ ಕಂಪ್ಯೂಟರುಗಳ ಮೇಲೆ ಕಣ್ಣು. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕಿತ್ತು. ನಮಗೆ ಹೋಗಿದ್ದು ಕರೆಂಟ್ ಬಿಲ್ ಅಷ್ಟೆ.

ಇನ್ನು ತಂದಿದ್ದು ಯಾರು? ನನ್ನ ಅನುಮಾನ ಮೊದಲಿನಿಂದ ಮಗಳ ಗೆಳತಿಯ ಪೆನ್‌ಡ್ರೈವ್ ಮೇಲೆ. ಹಳೆ ಪ್ರಶ್ನೆಪತ್ರಿಕೆ ಅಂತ ತಂದು ಚುಚ್ಚಿದ್ದಳು. ಜಗಳ ಆಡಿ ಅದನ್ನು ಕಿತ್ತಿಟ್ಟುಕೊಂಡೂ ಇದ್ದೆ. ಆ ಮರೆಮಾಡಿದ ಫೋಲ್ಡರ್ ಹುಟ್ಟಿದ ದಿನ ನೋಡಿದರೆ ಮಾರ್ಚ್ 28, ರಾತ್ರಿ 11.40. ಆ ಹೊತ್ತಿಗೆ ಮನೆಯಲ್ಲಿ ಎಚ್ಚರ ಇದ್ದವನು ನಾನೊಬ್ಬನೇ. ವರ್ಷದ ಕೊನೆ, ನೂರಾರು ಬಿಲ್ಲಿನ ಪಿಡಿಎಫ್ ಜೋಡಿಸಬೇಕಿತ್ತು. ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರನ್ನು ಕ್ರ್ಯಾಕ್ ಮಾಡಿದ್ದು ಎಲ್ಲಿಂದಲೋ ಇಳಿಸಿದೆ. ಆಂಟಿವೈರಸ್ ಆಫ್ ಮಾಡಿ ಹಾಕಿ ಅಂತ ಅದರಲ್ಲೇ ಬರೆದಿತ್ತು, ಮಾಡಿದೆ. ಬದಲಾವಣೆ ಮಾಡಲು ಬಿಡಬೇಕಾ ಅಂತ ವಿಂಡೋಸ್ ಕೇಳಿತು, ಯೆಸ್ ಒತ್ತಿದೆ. ಕಳ್ಳನಿಗೆ ಬಾಗಿಲು ತೆಗೆದು ಕುರ್ಚಿ ಹಾಕಿದವನು ನಾನೇ.

ಎಕ್ಸ್‌ಕ್ಲೂಷನ್ ತೆಗೆದು ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಓಡಿಸಿದೆ. ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುತ್ತದೆ, ಕಾಲು ಗಂಟೆಯ ಕೆಲಸ. ಇನ್ನೂ ಎರಡು ಸಿಕ್ಕವು. ಅಲ್ಲಿಗೆ ಬಿಡಬಹುದಿತ್ತೇನೋ, ನನಗೆ ಮನಸ್ಸು ಒಪ್ಪಲಿಲ್ಲ. ಅಡ್ಮಿನ್ ಹಕ್ಕು ಸಿಕ್ಕವನು ಇನ್ನೇನು ಬಿಟ್ಟು ಹೋಗಿದ್ದಾನೋ. ಡಾಕ್ಯುಮೆಂಟ್, ಫೋಟೋ ಮಾತ್ರ ಹೊರಗೆ ತೆಗೆದು ಡಿಸ್ಕ್ ಅಳಿಸಿದೆ. ಇನ್‌ಸ್ಟಾಲ್ ಮಾಡುವ ಫೈಲ್ ಒಂದನ್ನೂ ಉಳಿಸಲಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿತ್ತು, ಹಾಗಾಗಿ ಈ ನೆಪದಲ್ಲಿ 11 ಹಾಕಿದೆ.

ಪಾಸ್‌ವರ್ಡ್ ಎಲ್ಲ ಮೊಬೈಲಿನಿಂದ ಬದಲಿಸಿದೆ. ಮೊದಲು ಇಮೇಲ್, ಆಮೇಲೆ ಬ್ಯಾಂಕ್. ಎಲ್ಲ ಕಡೆಯಿಂದ ಲಾಗ್ ಔಟ್ ಅನ್ನೋದನ್ನೂ ಒತ್ತಿದೆ. ಬ್ರೌಸರಿನಲ್ಲಿ ಉಳಿದ ಲಾಗಿನ್ ಕದ್ದಿದ್ದರೆ ಪಾಸ್‌ವರ್ಡ್ ಇಲ್ಲದೇ ಒಳಗೆ ಬರಬಹುದು. ಡಿಜಿಟಲ್ ಸಹಿಯ ಟೋಕನ್ ವಿಷಯ ಇನ್ನೂ ಸೂಕ್ಷ್ಮ. ಅದರೊಳಗಿನ ಕೀ ಹೊರಗೆ ಬರುವುದಿಲ್ಲ, ಆದರೆ ಚುಚ್ಚಿಟ್ಟಿರುವಾಗ ಪಿನ್ ಗೊತ್ತಿದ್ದವರು ಸಹಿ ಹಾಕಬಹುದು. ಮಾಲೀಕರ ಟೋಕನ್ ನನ್ನ ಹತ್ತಿರ ಇರಬಾರದು, ಆದರೆ ನಮ್ಮ ಕಸುಬಿನಲ್ಲಿ ಹಾಗೇ ನಡೆದುಕೊಂಡು ಬಂದಿದೆ. ಅವರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿ, ಪಿನ್ ಬದಲಿಸಿಸಿದೆ. ಆ ಫೋನ್ ಮಾಡುವುದೇ ಇಡೀ ಕೆಲಸದಲ್ಲಿ ಕಷ್ಟದ ಭಾಗ ಆಗಿತ್ತು.

ಹೊಸ ವಿಂಡೋಸ್ ಹಾಕಿದ ಮೇಲೆ ಗೆಳತಿಯ ಪೆನ್‌ಡ್ರೈವ್ ಸ್ಕ್ಯಾನ್ ಮಾಡಿದೆ. ಅದರಲ್ಲಿ ಇದ್ದದ್ದು ಫಿಸಿಕ್ಸ್ ಪ್ರಶ್ನೆಪತ್ರಿಕೆಗಳು, ಹನ್ನೊಂದು ಪಿಡಿಎಫ್. "ಈಗಾದ್ರೂ ಕೊಡ್ತೀಯಾ?" ಅಂತ ಮಗಳು ಬಾಗಿಲಲ್ಲೇ ಕೈ ಚಾಚಿ ನಿಂತಿದ್ದಳು.